ಹೆಸರಿದ್ದ ಡಬರಿ

ಭಾನುವಾರ ಬಂತೆಂದರೆ ಪೇಟೆಯ ಆ ಬೀದಿ ಉದ್ದಕ್ಕೂ ಹಳೇ ಸಾಮಾನಿನ ಸಂತೆ. ಅಲ್ಲಿ ಚೌಕಾಸಿಗೆ ನಿಂತರೆ ಸರಸಮ್ಮನನ್ನು ಮೀರಿಸುವವರಿರಲಿಲ್ಲ. ಗೋಣಿತಾಟಿನ ಮೇಲಿದ್ದ ಅಗಲ ಬಾಯಿಯ ಸ್ಟೀಲ್ ಡಬರಿಯನ್ನು ಬೆರಳಿನಿಂದ ಬಡಿದು ನೋಡಿ ಮೂಗು ಮುರಿದರು.

"ಇದಕ್ಕೆ ಮುನ್ನೂರಾ? ನೂರೈವತ್ತಕ್ಕೆ ಕೊಡೋದಾದ್ರೆ ಕೊಡು."

"ಗಟ್ಟಿ ಮಾಲು ಅಮ್ಮಾವ್ರೇ. ಯಾರೋ ಹೆಸರು ಹಾಕ್ಸಿದಾರೆ ಅಂತಾನೇ ಇಷ್ಟು ಕಮ್ಮಿ ರೇಟು."

"ಯಾರದೋ ಹೆಸರಿರೋ ಪಾತ್ರೆ ಯಾರಿಗಪ್ಪಾ ಬೇಕು? ನೂರಿಪ್ಪತ್ತು!"

ಕನ್ನಡಕ ಏರಿಸಿಕೊಂಡು ಡಬರಿಯ ಅಂಚನ್ನು ತಿರುಗಿಸಿ ನೋಡಿದರು. ಆಮೇಲೆ ಚೌಕಾಸಿಯ ಮಾತೇ ಇಲ್ಲ. ಕೇಳಿದಷ್ಟು ದುಡ್ಡನ್ನೂ ತೆಗೆದು ಅವನ ಕೈಗಿಟ್ಟರು.

"ಯಾರಪ್ಪಾ ಇದನ್ನ ತಂದು ಮಾರಿದ್ದು?"

"ಒಬ್ಬ ಹೆಣ್ಮಗಳು. ವಾರಕ್ಕೊಂದು ಪಾತ್ರೆ ತಂದು ಮಾರ್ತಾರೆ, ಪಾಪ."

ಸರಸಮ್ಮ ಡಬರಿಯನ್ನು ಸೆರಗಿನೊಳಗೆ ಅವಚಿಕೊಂಡು, ಜನರಿಂದ ಪಕ್ಕಕ್ಕೆ ಸರಿದು ಮಗಳಿಗೆ ಫೋನು ಮಾಡಿದರು.

"ಏನೇ ಅಡುಗೆ ಇವತ್ತು?"

"ಪಾಯಸ ಮಾಡ್ತಿದೀನಮ್ಮಾ."

"ಯಾವ ಪಾತ್ರೇಲಿ?"

"ಅದೇ, ನನ್ನ ಹೆಸರು ಹಾಕ್ಸಿ ಮದುವೇಲಿ ಕೊಟ್ಯಲ್ಲಾ, ಆ ಡಬರೀಲಿ."