ಗಾಡಿಯಡಿಯ ಕೆಂಪು

ಗೇರ್‌ಬಾಕ್ಸ್ ಹೊತ್ತ ಜಾಕ್ ಇಂಚಿಂಚಾಗಿ ಮೇಲೇರುತ್ತಿತ್ತು. ಕಿಟ್ಟು ಪಿಕಪ್ಪಿನ ಕೆಳಗೆ ಅಂಗಾತ ಮಲಗಿ, ಹಲ್ಲು ಕಚ್ಚಿ, ಬಾಕ್ಸನ್ನು ಎಂಜಿನ್ನಿಗೆ ಕೂಡಿಸುತ್ತಿದ್ದ. ಇದು ನಾಲ್ಕನೆಯ ಸಲ. ಒಂದೇ ತಿಂಗಳಲ್ಲಿ ಒಂದೇ ಬಾಕ್ಸನ್ನು ನಾಲ್ಕು ಸಲ ಇಳಿಸಿ ಏರಿಸಿದ ಮೆಕ್ಯಾನಿಕ್ ಇಡೀ ಉಲ್ಹಾಸನಗರದಲ್ಲಿ ಇನ್ನೊಬ್ಬನಿದ್ದರೆ, ಅವನ ಕಾಲಿಗೆ ಬೀಳಲು ಕಿಟ್ಟು ತಯಾರಿದ್ದ.

"ಉಸ್ತಾದ್, ಗಾಡೀಚ್ ಪನವತಿ ಆಹೆ," ಎಂದ ಜಾಕ್ ಹಿಡಿದಿದ್ದ ಸುನಿಲ. ಗಾಡಿಯೇ ಅಪಶಕುನ ಎಂದು.

"ಪನವತಿ ಬಿನವತಿ ಕಾಹಿ ನಾಹಿ. ಬೋಲ್ಟ್ ದೇ," ಎಂದು ಕಿಟ್ಟು ಗದರಿದ. ಅಪಶಕುನವೂ ಇಲ್ಲ ಏನೂ ಇಲ್ಲ, ಬೋಲ್ಟ್ ಕೊಡು ಎಂದು.

ಗಾಡಿ ಡೊಂಬಿವಲಿಯ ಹೋಟೆಲ್ ಮಾಲೀಕ ಜಯಶೀಲರದು. ಎಡಮೊಣಕಾಲು ಕೈಕೊಟ್ಟ ಮೇಲೆ ಕ್ಲಚ್ ತುಳಿಯಲಾಗದೆ ಅವರು ಆಟೋಮ್ಯಾಟಿಕ್ ಪಿಕಪ್ ಕೊಂಡಿದ್ದರು. ತಿಂಗಳ ಹಿಂದೆ, ಏರಿನಲ್ಲಿ ಗೇರ್ ಜಾರುತ್ತದೆ ಎಂದು ತಂದರು. ಕಿಟ್ಟು ಬಾಕ್ಸ್ ಬಿಚ್ಚಿ, ಸವೆದ ಪ್ಲೇಟು ಬದಲಿಸಿ, ಹೊಸ ಫಿಲ್ಟರ್ ಕೂರಿಸಿ, ಎಣ್ಣೆ ತುಂಬಿ, ಸಂಜೆ ತಾನೇ ಓಡಿಸಿಕೊಂಡು ಹೋಗಿ ಅವರ ಬಿಲ್ಡಿಂಗಿನ ಅಂಗಳದಲ್ಲಿ ನಿಲ್ಲಿಸಿದ. ಬೆಣ್ಣೆಯಲ್ಲಿ ಕೂದಲೆಳೆದ ಹಾಗೆ ಗೇರ್ ಬದಲಾಗುತ್ತಿತ್ತು. ಜಯಶೀಲರಿಗೆ ಫೋನಿನಲ್ಲಿ ಒಂದು ಎಚ್ಚರಿಕೆಯನ್ನೂ ಕೊಟ್ಟ. "ಈ ಬಾಕ್ಸಿನ ಎಣ್ಣೆ ಕೆಂಪು, ಜಯಶೀಲಣ್ಣ. ಗಾಡಿಯಡಿ ಕೆಂಪು ಕಂಡ್ರೆ ಸ್ಟಾರ್ಟ್ ಮಾಡ್ಲೇಬೇಡಿ. ಎಣ್ಣೆ ಇಲ್ಲದೆ ಓಡಿದ್ರೆ ಬಾಕ್ಸ್ ಸುಟ್ಟೇ ಹೋಗ್ತದೆ."

ಮರುದಿನ ಬೆಳಗಿನ ಐದಕ್ಕೆ ವಾಟ್ಸಾಪಿನಲ್ಲಿ ಫೋಟೊ ಬಂತು. ಕಲ್ಯಾಣದ ಮಾರ್ಕೆಟ್ಟಿಗೆ ತರಕಾರಿಗೆಂದು ಹೊರಟ ಜಯಶೀಲರು ಟಾರ್ಚ್ ಬೆಳಕಿನಲ್ಲಿ ತೆಗೆದದ್ದು. ಗಾಡಿಯಡಿ ಅಂಗೈಯಗಲ ಕೆಂಪು.

ಟೋ ಮಾಡಿಸಿ ತಂದು, ಬಾಕ್ಸ್ ಇಳಿಸಿ, ಎಣ್ಣೆ ತಡೆಯುವ ಮುಂದಿನ ಸೀಲು ಬದಲಿಸಿದ. ಮತ್ತೆ ಫೋಟೊ. ಈ ಸಲ ತಟ್ಟೆಯಗಲ. ಹಿಂದಿನ ಸೀಲು, ಅಡಿಯ ಗ್ಯಾಸ್ಕೆಟ್ ಎರಡನ್ನೂ ಬದಲಿಸಿದ. ಮತ್ತೆ ಫೋಟೊ. ಈ ಸಲ ಹರಿವಾಣದಗಲ! ರಿಪೇರಿ ಹೆಚ್ಚಿದಷ್ಟೂ ಸೋರಿಕೆ ಹೆಚ್ಚುತ್ತಿತ್ತು.

ತಲೆ ಕೆಡಿಸಿದ್ದು ಇನ್ನೊಂದು. ಗ್ಯಾರೇಜಿಗೆ ಬಂದಾಗಲೆಲ್ಲ ಬಾಕ್ಸಿನ ಹೊಟ್ಟೆ ಒಣಗಿರುತ್ತಿತ್ತು. ಒಳಗಿನ ಎಣ್ಣೆ ಅಳೆದರೆ ಒಂದು ತೊಟ್ಟೂ ಕಡಿಮೆಯಿಲ್ಲ. ಇಲ್ಲಿ ಎರಡು ದಿನ ನಿಂತರೂ ಸೋರದ ಗಾಡಿ ಅಲ್ಲಿ ಬೆಳಗಾಗುವುದರೊಳಗೆ ಸೋರುತ್ತಿತ್ತು.

ನಿನ್ನೆ ಜಯಶೀಲರು ಫೋನಿನಲ್ಲಿ ಸಿಡಿದಿದ್ದರು. "ಊರಿನವ ಅಂತ ನಂಬಿದೆ, ಕಿಟ್ಟು. ಇನ್ನೊಂದು ಸಲ ಕೆಂಪು ಕಂಡ್ರೆ ಎಲ್ಲ ಫೋಟೊ ನಮ್ಮ ಹೋಟೆಲಿನವರ ಗ್ರೂಪಿಗೆ ಹಾಕ್ತೇನೆ. ಆಮೇಲೆ ನೀನುಂಟು, ನಿನ್ನ ಗ್ಯಾರೇಜುಂಟು."

ಕಿಟ್ಟುವಿನಲ್ಲಿಗೆ ಬರುವ ಹತ್ತು ಗಾಡಿಗಳಲ್ಲಿ ಎಂಟು ಆ ಗ್ರೂಪಿನವರವು. ಇಪ್ಪತ್ತೆಂಟು ವರ್ಷ ದುಡಿದು ಗಳಿಸಿದ ಹೆಸರು ಒಂದು ಫೋಟೊದಲ್ಲಿ ಹೋಗುವುದಿತ್ತು. ಅವನಿಗೆ ಸಿಟ್ಟೂ ಬಂತು, ಅಳುವೂ ಬಂತು. ಊಟಕ್ಕೆ ಕೂತಾಗಲೂ ತನ್ನ ಕೈಗಳನ್ನೇ ತಿರುಗಿಸಿ ನೋಡಿಕೊಳ್ಳುತ್ತಿದ್ದ.

ಆಮೇಲೆ ಜಯಶೀಲರ ಹೆಂಡತಿ ಸುಗುಣಾ ಫೋನು ಮಾಡಿದ್ದರು. "ಇವರ ಮಾತು ಮನಸ್ಸಿಗೆ ಹಚ್ಕೊಳ್ಬೇಡಿ, ಕಿಟ್ಟಣ್ಣ. ಎಂತಾಯ್ತೂಂತ ನನಗೂ ಸರಿಯಾಗಿ ಹೇಳುವುದಿಲ್ಲ, ಬರೀ ಗಾಡಿ ಹಾಳಾಯ್ತೂಂತ ಕೂಗಾಡ್ತಾರೆ. ನೀವು ನಿಮ್ಮ ಕೆಲಸ ಮಾಡಿ. ಉಳಿದದ್ದು ನನಗೆ ಬಿಡಿ."

ಪುಣ್ಯಾತ್ಗಿತ್ತಿ, ಗಂಡನನ್ನು ಸಮಾಧಾನ ಮಾಡುತ್ತಾರೆ ಎಂದುಕೊಂಡ ಕಿಟ್ಟು.

ಈಗ ಕೊನೆಯ ಬೋಲ್ಟು ಬಿಗಿಯುವಾಗ ತಟ್ಟನೆ ಹೊಳೆಯಿತು. ಒಳಗಿನ ಎಣ್ಣೆ ಕಡಿಮೆಯಾಗಿಲ್ಲ ಎಂದಮೇಲೆ ಆ ಕೆಂಪು ಬಾಕ್ಸಿನದ್ದೇ ಅಲ್ಲ. ಗಾಡಿ ಸೋರುತ್ತಿಲ್ಲ. ಯಾರೋ ಸುರಿಯುತ್ತಿದ್ದಾರೆ!

ಯಾರೆಂದು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ಮನೀಶ. ಕಲ್ಯಾಣದಲ್ಲಿ ಹೊಸ ಗ್ಯಾರೇಜು ತೆರೆದು, ಹೋಟೆಲಿನವರಿಗೆಲ್ಲ ಕಾರ್ಡು ಹಂಚುತ್ತಿದ್ದವ. ಮೊನ್ನೆ ಜಯಶೀಲರ ಹೋಟೆಲಿನಲ್ಲೇ ಕೂತು ಮಸಾಲೆದೋಸೆ ತಿನ್ನುತ್ತ, ಕಿಟ್ಟುವಿಗೆ ವಯಸ್ಸಾಯಿತು ಎಂದಿದ್ದನಂತೆ. ತಿಂದ ಮನೆಗೆ ಎರಡು ಬಗೆಯುವ ಜಾತಿ.

ಸಂಜೆ ಕಿಟ್ಟು ಗಾಡಿ ತಂದು ಎಂದಿನ ಜಾಗದಲ್ಲೇ ನಿಲ್ಲಿಸಿದ. ಆದರೆ ಹೊರಟು ಹೋಗಲಿಲ್ಲ. ಬಾಕ್ಸಿನಡಿ ಹಳೆಯ ಪೇಪರು ಹಾಸಿ, ದೊಡ್ಡ ಸ್ಪ್ಯಾನರು ಹಿಡಿದು, ನೀರಿನ ಟಾಂಕಿಯ ಮರೆಯಲ್ಲಿ ಕೂತ. ಜಯಶೀಲರು ಹೋಟೆಲಿನಲ್ಲಿದ್ದರು, ಸಂಜೆಯ ಗಿರಾಕಿ ಬಿಟ್ಟು ಮನೆಗೆ ಬರುವವರಲ್ಲ. ಇಂತಹ ಹೊತ್ತು ನೋಡಿಯೇ ಕಳ್ಳ ಬರುತ್ತಾನೆ. ಬರಲಿ.

ದೀಪ ಹಚ್ಚುವ ಹೊತ್ತಾಯಿತು. ಪೇಪರು ಒಣಗಿಯೇ ಇತ್ತು. ತನ್ನ ಕೈಯಲ್ಲಿ ತಪ್ಪಿಲ್ಲ ಎಂದು ಕಿಟ್ಟುವಿಗೆ ಮೊದಲ ಬಾರಿ ಉಸಿರು ಸರಾಗವಾಯಿತು.

ಲಿಫ್ಟಿನ ಬಾಗಿಲು ಸದ್ದಾಯಿತು. ಯಾರೋ ಮೆತ್ತಗೆ ಹೆಜ್ಜೆಯಿಡುತ್ತ ಪಿಕಪ್ಪಿನ ಸುತ್ತ ನಡೆದರು. ಒಂದು ಸುತ್ತು. ಎರಡು. ಮೂರು. ಆಮೇಲೆ ಗಾಡಿಯಡಿಗೆ ದಳದಳನೆ ಸುರಿದ ಸದ್ದು. ಕಿಟ್ಟು ಹಾಸಿದ್ದ ಪೇಪರು ಕೆಂಪಾಗಿ ತೊಯ್ದು ಹೋಯಿತು.

"ಸಿಕ್ಕಿದೆಯಾ, ಕಳ್ಳ!" ಎಂದು ಕಿಟ್ಟು ಸ್ಪ್ಯಾನರು ಎತ್ತಿ ಎದುರಿಗೆ ಹಾರಿದ.

ಸುಗುಣಾ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದರು. ಅವರ ಕೈಯಲ್ಲಿ ಬಕೆಟ್ಟಿತ್ತು. ಅದರ ತಳದಲ್ಲಿ, ಅರಸಿನಕ್ಕೆ ಸುಣ್ಣ ಕಲಸಿದ ನೀರು ಇನ್ನೂ ಒಂದಿಷ್ಟು ಕೆಂಪಗೆ ಉಳಿದಿತ್ತು.

"ಅಯ್ಯೋ, ನೀವಾ ಕಿಟ್ಟಣ್ಣ! ನಿಮ್ಮ ಕೈಗೆ ಯಾರದ್ದೋ ಭಾರೀ ಕೆಟ್ಟ ಕಣ್ಣು ಬಿದ್ದದ್ದು, ಮಾರಾಯ್ರೆ," ಎಂದರು ಅವರು, ಎದೆಯ ಮೇಲೆ ಕೈಯಿಟ್ಟುಕೊಂಡು. "ನೀವು ಗಾಡಿ ತಂದು ಬಿಟ್ಟಾಗಲೆಲ್ಲ ತಪ್ಪದೆ ದೃಷ್ಟಿ ತೆಗೀತೇನೆ, ಪ್ರತಿಸಲ ನೀರೂ ಜಾಸ್ತಿ ಮಾಡ್ತೇನೆ, ಆದ್ರೂ ಬೆಳಿಗ್ಗೆ ಏಳುವಷ್ಟರಲ್ಲಿ ಗಾಡಿ ಹಾಳಾಗಿರ್ತದೆ, ನೋಡಿ!"