ತುಟಿಯಿಂದ ಜಾರಿದ ಸೂಜಿ

ಲಂಗದ ಅಂಚು ಮಡಚುತ್ತಿದ್ದ ಅಕ್ಕನ ತುಟಿಯಿಂದ ಗುಂಡುಸೂಜಿ ಜಾರಿ ಗಿರಾಕಿಯ ಕಾಲ ಬಳಿ ಬಿತ್ತು. ಇಪ್ಪತ್ತು ವರ್ಷದ ಹೊಲಿಗೆಯಲ್ಲಿ ಆ ತುಟಿಗಳು ಸೂಜಿ ಬಿಟ್ಟದ್ದು ಇದೇ ಮೊದಲು.

"ಯಾರ ಜೊತೆ ಪಿಸುಗುಡ್ತಿದೀರಿ, ಅಕ್ಕಾ?" ಗಿರಾಕಿ ಹಿಂದೆ ಸರಿದಳು.

"ಯಾರ ಜೊತೆಗೂ ಇಲ್ಲಮ್ಮ. ಬಾಯಿ ತಾನಾಗೇ ಆಡ್ತಿದೆ. ಮಾತ್ರೆಯ ಕಾಟ."

ಅದು ನಿಜವಾಗಿತ್ತು. ತಲೆಯೊಳಗಿನ ದನಿಗಳು ನಿಂತು ಹನ್ನೊಂದು ವರ್ಷವಾಗಿತ್ತು. ಅವನ್ನು ಅಡಗಿಸಿದ ಮಾತ್ರೆಯೇ ಈಗ ದವಡೆಯನ್ನು ಹಿಡಿದು ಆಡಿಸುತ್ತಿತ್ತು. ಬಟ್ಟೆ ಕತ್ತರಿಸುವ ಮೇಜಿನಾಚೆ ತಮ್ಮ ಆಗಲೇ ಫೋನು ಹಚ್ಚಿದ್ದ. "ಡಾಕ್ಟ್ರೇ, ಅಕ್ಕಂಗೆ ಮತ್ತೆ ಶುರುವಾಗಿದೆ. ತನ್ನಷ್ಟಕ್ಕೆ ಗೊಣಗ್ತಾಳೆ. ಮಾತ್ರೆ ಎರಡೆರಡು ಕೊಡ್ಲಾ?"

ಬೇಡ ಎನ್ನಲು ಅಕ್ಕ ಬಾಯಿ ತೆರೆದಳು. ಮಾತಿಗಿಂತ ಮೊದಲು ನಾಲಗೆ ಹೊರಬಂತು.

"ನೋಡಿ, ಈಗ ನನ್ನನ್ನೇ ಅಣಕಿಸ್ತಿದಾಳೆ," ಎಂದ ತಮ್ಮ. "ಸರಿ ಡಾಕ್ಟ್ರೇ, ಇವತ್ತಿಂದ್ಲೇ ಎರಡು."