ಜವರಪ್ಪ ಎತ್ತಿದ ವಿಕೆಟ್ಟು

ಸಕ್ಕರೆ ಕಾರ್ಖಾನೆಯ ಕ್ರಿಕೆಟ್ ತಂಡಕ್ಕೆ ನಾಲ್ಕು ವರ್ಷ ಸಂಬಳದ ಬೌಲರ್ ಆಗಿದ್ದ ಜವರಪ್ಪ ಎತ್ತಿದ ದೊಡ್ಡ ವಿಕೆಟ್ಟು ಒಂದೇ. ಮುಂದೆ ದೇಶಕ್ಕೇ ಆಡಿದ ಆಟಗಾರನೊಬ್ಬನ ನಡು ಸ್ಟಂಪನ್ನು ಅವನು ಹಾರಿಸಿದ್ದ. ಸ್ಕೋರು ಪುಸ್ತಕವನ್ನು ಗೆದ್ದಲು ತಿಂದುಹಾಕಿದ್ದರಿಂದ ಊರಿನಲ್ಲಿ ಮೂವತ್ತು ವರ್ಷವಾದರೂ ಯಾರೂ ಅದನ್ನು ನಂಬಿರಲಿಲ್ಲ.

ಶಾಲೆಯ ಮೈದಾನ ಉದ್ಘಾಟಿಸಲು ಆ ಆಟಗಾರನೇ ಊರಿಗೆ ಬಂದ. ಕ್ಷೌರದಂಗಡಿಯ ಸಿದ್ದಯ್ಯ ಜವರಪ್ಪನ ತೋಳು ಹಿಡಿದು ಎಳೆದ.

"ನಡಿ ಜವರಣ್ಣ, ಕೇಳೇಬುಡಾನ. ಸುಳ್ಳಾದ್ರೆ ನಿನ್ ಮೀಸೆ ನನ್ ಕತ್ತಿಗೆ!"

"ನಿಜ ಆದ್ರೆ?"

"ನನ್ ಮೀಸೆ ನಾನೇ ಬೋಳಿಸ್ಕೊತೀನಿ."

ವೇದಿಕೆಯ ಮುಂದೆ ನಿಂತು ಸಿದ್ದಯ್ಯ ಕೂಗಿದ: "ಸ್ವಾಮಿ, ನಮ್ ಜವರಣ್ಣ ನಿಮ್ಮನ್ನ ಬೋಲ್ಡ್ ಮಾಡಿದ್ನಂತೆ, ನಿಜವಾ?"

ಆಟಗಾರ ಜವರಪ್ಪನನ್ನು ಕೆಳಗಿಂದ ಮೇಲೆ ನೋಡಿದ. ಜವರಪ್ಪನ ಕೈ ತಾನಾಗಿ ಮೀಸೆಗೆ ಹೋಯಿತು.

"ಅಯ್ಯೋ, ಆ ಬಾಲ್ ಮರೆಯೋಕಾಗುತ್ತೇನ್ರಿ!" ಅಂದ ಆಟಗಾರ.

ಊರಿಗೆ ಊರೇ ಕೇಕೆ ಹಾಕಿತು. ಸಿದ್ದಯ್ಯ ಅಂಗೈಯಿಂದ ಮೀಸೆ ಮುಚ್ಚಿಕೊಂಡು ಹಿಂದೆ ಸರಿದ. ಕಣ್ಣು ತುಂಬಿ ಬಂದ ಜವರಪ್ಪ ಕೈಕುಲುಕಲು ಹತ್ತಿರ ಹೋದಾಗ ಆಟಗಾರ ಅವನ ಕಿವಿಯಲ್ಲಿ ಪಿಸುಗುಟ್ಟಿದ:

"ಹೋದ ಊರಲ್ಲೆಲ್ಲಾ ನನ್ನ ಬೋಲ್ಡ್ ಮಾಡಿದೋರು ಒಬ್ರು ಇದ್ದೇ ಇರ್ತಾರೆ ಯಜಮಾನ್ರೆ, ಪಾಪ ಅಂತ ಹೂಂ ಅಂದ್ಬಿಡ್ತೀನಿ."